ಅರ್ಧ ಮೆಟ್ಟಿಲು

ಕನ್ನಡಕದಂಗಡಿಯ ಗುಮಾಸ್ತನ ಮನೆಗೆ ಇದ್ದದ್ದು ಒಂದೇ ಮೆಟ್ಟಿಲು. ಆ ಒಂದರಲ್ಲೇ ಎರಡು ಮೆಟ್ಟಿಲಿನ ಎತ್ತರವಿತ್ತು. ಮನೆ ಕಟ್ಟಿಸಿದ ಪುಣ್ಯಾತ್ಮನಿಗೆ ಕಲ್ಲು ಸಾಲಲಿಲ್ಲವೋ, ಅವನ ಕಾಲೇ ಅಷ್ಟುದ್ದ ಇತ್ತೋ, ಅಂತೂ ಅಂಗಳದಿಂದ ಒಳಗೆ ಹೋಗುವವರು ಬಾಗಿಲ ಚೌಕಟ್ಟು ಹಿಡಿದು, ‘ಉಸ್ಸಪ್ಪಾ’ ಅಂದು, ಮೈಯನ್ನು ಮೇಲಕ್ಕೆಳೆದುಕೊಳ್ಳಬೇಕಿತ್ತು. ಇಷ್ಟು ವರ್ಷ ಅದು ಯಾರಿಗೂ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಗುಮಾಸ್ತನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆದಮೇಲೆ ಅದೇ ಕಲ್ಲು ಬೆಟ್ಟವಾಗಿ ನಿಂತಿತು.

“ಎತ್ತರದ ಮೆಟ್ಟಿಲು ಹತ್ತೋ ಹಾಗಿಲ್ಲ. ಸಣ್ಣ ಸಣ್ಣದಾದ್ರೆ ಪರವಾಗಿಲ್ಲ,” ಎಂದು ಡಾಕ್ಟರು ಹೇಳಿ ಮುಂದಿನ ಮಂಚಕ್ಕೆ ಹೋದರು.

ಇಂಥ ಮಾತಿಗೇ ಕಾದಿದ್ದವನ ಹಾಗೆ ಬಾಮೈದ ಬಾಯಿ ಹಾಕಿದ. ಅವನದು ಟೈಲ್ಸ್ ಅಂಗಡಿ. ಮಾತೂ ಟೈಲ್ಸಿನ ಹಾಗೇ, ನುಣ್ಣಗೆ, ತಣ್ಣಗೆ.

“ಅಕ್ಕ ನಮ್ಮನೇಗೆ ಬರಲಿ ಭಾವ. ನಮ್ಮದು ಪೂರಾ ನೆಲಮಟ್ಟ. ಗೇಟಲ್ಲಿ ಒಂದು ಗೋಲಿ ಬಿಟ್ಟರೆ ಸೀದಾ ಮಂಚದ ಕೆಳಗೆ ಹೋಗಿ ನಿಲ್ಲುತ್ತೆ, ಹಾಗೆ ಟೈಲ್ಸ್ ಹಾಕಿಸಿದ್ದೀನಿ.”

“ಗೋಲಿ ಥರಾನೇ ನಾನೂ ಹೋಗಿ ಬೀಳ್ತೀನಿ. ನಾನು ನನ್ನ ಮನೆಗೇ ಹೋಗೋದು ಕಣೋ,” ಎಂದು ಅವನಕ್ಕ ಗಂಡನ ಕಡೆ ತಿರುಗಿದಳು. “ರೀ, ಬಾಗಿಲ ಮುಂದೆ ಮರದ್ದೊಂದು ಅರ್ಧ ಮೆಟ್ಟಿಲು ಮಾಡಿಸಿಬಿಡಿ. ಅಷ್ಟು ಸಾಕು ನನಗೆ.”

ಗುಮಾಸ್ತ ಬಡಗಿಗೆ ಹೇಳಿದ. ಬಡಗಿ ‘ನಾಳೆ ಬರ್ತೀನಿ’ ಅಂದ. ಬಡಗಿಯ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ ಎನ್ನುವುದು ಗುಮಾಸ್ತನಿಗೆ ಗೊತ್ತಾಗುವ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುನ್ನಾದಿನ ಬಂದುಬಿಟ್ಟಿತ್ತು.

“ಏನಾಯ್ತು ಭಾವ, ಮೆಟ್ಟಿಲು?” ಎಂದ ಬಾಮೈದ, ಮಂಚದ ಆ ಬದಿಯಿಂದ.

“ಬಡಗಿ ಎಲ್ಲ ಯಾಕೆ? ನಾನೇ ಮಾಡ್ತಿದ್ದೀನಿ.”

ಮಾತು ಬಾಯಿಂದ ಹೇಗೆ ಜಾರಿತೋ ಗುಮಾಸ್ತನಿಗೇ ತಿಳಿಯಲಿಲ್ಲ. ಬಾಮೈದ ನಕ್ಕ ರಭಸಕ್ಕೆ ಪಕ್ಕದ ರೋಗಿಯ ಗ್ಲೂಕೋಸ್ ಬಾಟಲಿ ತೂಗಾಡಿತು. “ಭಾವ, ಕ್ಯಾಲೆಂಡರಿಗೆ ಮೊಳೆ ಹೊಡೀರಿ ಅಂದ್ರೆ ಗೋಡೆ ಬೀಳಿಸಿದೋರು ನೀವು! ಆಯ್ತು, ನಾಳೆ ಸಂಜೆ ನಾನೇ ಕಾರಲ್ಲಿ ಅಕ್ಕನ್ನ ಕರ್ಕೊಂಡು ಬರ್ತೀನಿ. ಮೆಟ್ಟಿಲಿದ್ರೆ ಇಳಿಸ್ತೀನಿ. ಇಲ್ಲದಿದ್ರೆ ಕಾರು ಹಾಗೇ ಮುಂದಕ್ಕೆ.”

ಹೆಂಡತಿ ಮಾತ್ರ ನಗಲಿಲ್ಲ. ಗಂಡನ ಮುಖವನ್ನು ಒಂದು ಗಳಿಗೆ ನೋಡಿ, “ನಿಜವಾಗ್ಲೂ ನೀವೇ ಮಾಡ್ತೀರಾ?” ಎಂದಳು. ಆ ದನಿಯನ್ನು ಗುಮಾಸ್ತ ಕೇಳಿ ಎಷ್ಟೋ ಕಾಲವಾಗಿತ್ತು. ಆಮೇಲೆ ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಆಕಾಶ ಹಿಂಡದೆ ಹರವಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅವಳಿಲ್ಲದ ಮನೆಯಲ್ಲಿ ಗುಮಾಸ್ತ ಕೆಮ್ಮಿದರೆ ಆ ಕೆಮ್ಮು ಅಡುಗೆಮನೆಯವರೆಗೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ವಾಪಸು ಬರುತ್ತಿತ್ತು. ನಿನ್ನೆಯ ಲೋಟ, ಮೊನ್ನೆಯ ತಟ್ಟೆ, ಅದಕ್ಕೂ ಹಿಂದಿನ ಬಾಣಲೆ, ಎಲ್ಲವೂ ಬಚ್ಚಲಲ್ಲಿ ಸರದಿಯಲ್ಲಿ ಕೂತಿದ್ದವು. ಅವುಗಳ ಕಡೆ ನೋಡದೆ ಅವನು ಹಿತ್ತಲಿಗೆ ಹೋದ. ಅಲ್ಲೊಂದು ತಗಡಿನ ಶೆಡ್ಡು, ಅದರೊಳಗೆ ಹಳೆಯ ಊಟದ ಮೇಜು. ಇವತ್ತಿನ ಮಟ್ಟಿಗೆ ಅದೇ ಕಾರ್ಖಾನೆ.

ಕಾರ್ಖಾನೆಗೆ ಯಜಮಾನ ಬಂದಾಯಿತು; ಕೆಲಸ ಬಲ್ಲವನು ಬರಬೇಕಿತ್ತು. ಗುಮಾಸ್ತ ಇಡೀ ಆಯುಷ್ಯ ಗೋಡೆಯ ಮೇಲಿನ ಅಕ್ಷರ ತೋರಿಸಿ, ‘ಇದು ಕಾಣುತ್ತಾ? ಈಗ? ಈಗ?’ ಎಂದು ಕೇಳಿದವನು. ಅವನ ಕೈ ತಿರುಗಿಸಿದ ಅತಿ ದೊಡ್ಡ ಸ್ಕ್ರೂ ಎಳ್ಳುಕಾಳಿನಷ್ಟಿತ್ತು.

ಗೇಟಿನ ಹತ್ತಿರ ಎದುರುಮನೆಯ ಡ್ರೈವಿಂಗ್ ಮೇಷ್ಟ್ರು ತನ್ನ ಕಾರು ಒರೆಸುತ್ತಿದ್ದ. ವಿಷಯ ಕೇಳಿದವನೇ ಬಟ್ಟೆ ಹೆಗಲಿಗೆ ಹಾಕಿಕೊಂಡು, “ಅಯ್ಯೋ ಕನ್ನಡಕದೋರೇ, ಗುರು ಇಲ್ಲದೆ ಸ್ಟೇರಿಂಗೂ ಮುಟ್ಟಬಾರದು, ಗರಗಸಾನೂ ಮುಟ್ಟಬಾರದು. ಮೂಲೆಮನೆ ಮಹಡಿಯ ಯಜಮಾನ್ರನ್ನ ಕೇಳಿ,” ಎಂದ.

“ಯಾರು, ಮೂರು ಬೆರಳಿನೋರಾ?”

“ಅದೇ ಮತ್ತೆ! ಆ ಕೈ ನೋಡಿದ್ರೆ ಗೊತ್ತಾಗಲ್ವಾ? ಎರಡು ಬೆರಳು ಕೊಟ್ಟು ಕಲಿತ ವಿದ್ಯೆ ಅದು.”

ಮಾತು ಗುಮಾಸ್ತನ ಎದೆಗೆ ನಾಟಿತು. ಮೂಲೆಮನೆಯ ಮಹಡಿಯ ಕೋಣೆಯಲ್ಲಿ ಆ ಮುದುಕರು ಒಬ್ಬರೇ ಇದ್ದರು. ಬಂದು ಬಹಳ ದಿನವಾಗಿದ್ದರೂ ಯಾರ ಮನೆಗೂ ಹೋದವರಲ್ಲ. ಎಡಗೈಯಲ್ಲಿ ಕಿರುಬೆರಳು, ಉಂಗುರಬೆರಳು ಎರಡೂ ಬುಡದಿಂದಲೇ ಇರಲಿಲ್ಲ. ಬಾಗಿಲು ತಟ್ಟಿದ ತಕ್ಷಣ, ಅದರ ಹಿಂದೆಯೇ ನಿಂತಿದ್ದವರ ಹಾಗೆ ತೆರೆದರು.

“ಮರದ ಕೆಲಸಾನಾ? ನನಗೆ ಅದೆಲ್ಲ ಗೊತ್ತಿಲ್ಲಪ್ಪ.”

ಗುಮಾಸ್ತ ಅವರ ಎಡಗೈಯನ್ನೇ ನೋಡಿದ. “ಬಲ್ಲೋರು ಯಾವತ್ತೂ ಹಾಗೇ ಹೇಳೋದು ಯಜಮಾನ್ರೇ.”

“ಅಯ್ಯೋ, ನಿಜವಾಗ್ಲೂ ಗೊತ್ತಿಲ್ಲ.”

“ತುಂಬಿದ ಕೊಡ ತುಳುಕಲ್ಲ ಅಂತಾರೆ. ನನ್ನ ಹೆಂಡತಿ ಸಂಜೆ ಮನೆಗೆ ಬರಬೇಕು. ಇಲ್ಲ ಅನ್ನಬೇಡಿ.”

ಯಜಮಾನರು ಕಿಟಕಿಯಾಚೆಗಿನ ಖಾಲಿ ಬೀದಿಯನ್ನು ನೋಡಿದರು, ಒಲೆಯ ಪಕ್ಕ ಬೋರಲು ಹಾಕಿದ್ದ ಒಂದೇ ಲೋಟವನ್ನು ನೋಡಿದರು, ಬಾಗಿಲಲ್ಲಿ ನಿಂತ ಗುಮಾಸ್ತನನ್ನು ನೋಡಿದರು. “ಒಳಗೆ ಬನ್ನಿ. ಮೊದಲು ಟೀ ಕುಡೀರಿ,” ಎಂದರು. ಟೀ ಮುಗಿದ ಮೇಲೆ, “ನಡೀರಿ, ಹೊರಡೋಣ,” ಎಂದು ಚಪ್ಪಲಿ ಮೆಟ್ಟಿದರು. ಆ ಗತ್ತು ನೋಡಿಯೇ ಗುಮಾಸ್ತನಿಗೆ ಅರ್ಧ ಮೆಟ್ಟಿಲು ಆದಷ್ಟು ಧೈರ್ಯ ಬಂತು.

ಹಾರ್ಡ್‌ವೇರ್ ಅಂಗಡಿಯನ್ನು ನಡೆಸುತ್ತಿದ್ದಾಕೆ ಗಟ್ಟಿ ಹೆಂಗಸು. ಗಿರಾಕಿ ಬಾಯಿ ತೆರೆಯುವ ಮೊದಲೇ ‘ಎಷ್ಟು ಇಂಚು?’ ಎಂದು ಕೇಳುವವಳು. ಗುಮಾಸ್ತ ಅಳತೆ ಹೇಳಿದ. ಆಕೆ ಒಂದು ಸಣ್ಣ ಹಲ್ಲಿನ ಗರಗಸ ತೆಗೆದು ಮುಂದಿಟ್ಟಳು.

“ಹೊಸಬರ ಕೈಗೆ ಇದೇ ಸರಿ. ನಿಧಾನಕ್ಕೆ ಹೋಗುತ್ತೆ, ನೆಟ್ಟಗೆ ಹೋಗುತ್ತೆ.”

ಗುಮಾಸ್ತ ಗುರುವಿನ ಮುಖ ನೋಡಿದ. ಗುರುಗಳು ಗೋಡೆಗೆ ನೇತುಹಾಕಿದ್ದ, ಮೊಸಳೆ ಬಾಯಿಯಂಥ ಗರಗಸದ ಕಡೆ ಬೆರಳು ಮಾಡಿದರು. “ನಿಂತು ನಿಂತು ಹೋಗೋದಕ್ಕಿಂತ ಒಂದೇ ಸಲ ಹೋಗೋದು ಒಳ್ಳೇದಲ್ವಾ?”

“ಅದು ದಿಮ್ಮಿ ಕುಯ್ಯೋದು ಕಣ್ರೀ! ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?” ಎಂದಳು ಅಂಗಡಿಯಾಕೆ. “ಹೋಗಲಿ, ಈ ಕ್ಲ್ಯಾಂಪ್ ಎರಡು ತಗೊಳ್ಳಿ. ಹಲಗೇನ ಮೇಜಿಗೆ ಬಿಗಿದುಬಿಟ್ರೆ ಅಲ್ಲಾಡಲ್ಲ. ಕೈ ದೂರ ಇರುತ್ತೆ.”

“ಗಟ್ಟಿಯಾಗಿ ಹಿಡ್ಕೊಂಡ್ರೆ ಸಾಕು,” ಎಂದರು ಗುರುಗಳು. “ಒಂದು ಕೈಲಿ ಹಿಡ್ಕೊಂಡು ಇನ್ನೊಂದು ಕೈಲಿ ಕೆಲಸ ಮಾಡೋದು ರೂಢಿ ಆಗಬೇಕು. ನಾನು ಜನ್ಮವೆಲ್ಲ ಹಾಗೇ ಮಾಡಿದ್ದು.”

“ಕಣ್ಣಿಗಾದರೂ ಈ ಕನ್ನಡಕ ಹಾಕ್ಕೊಳ್ಳಿ. ಚಕ್ಕೆ ಸಿಡಿಯುತ್ತೆ.”

ಇದಕ್ಕೆ ಮಾತ್ರ ಗುಮಾಸ್ತನೇ ಉತ್ತರ ಕೊಟ್ಟ. “ಅಮ್ಮಾ, ನಾನು ಊರಿಗೆಲ್ಲ ಕನ್ನಡಕ ಮಾರೋನು. ನನಗೇ ಕನ್ನಡಕ ಮಾರ್ತೀರಾ?”

ಉಳಿಯ ಸರದಿ ಬಂತು. ಆಕೆ ಹೊಸ ಉಳಿಯೊಂದನ್ನು ಕಾಗದದ ಅಂಚಿಗೆ ತಾಗಿಸಿ ತೋರಿಸಿದಳು. ಕಾಗದ ಸದ್ದಿಲ್ಲದೆ ಎರಡಾಯಿತು. ಗುಮಾಸ್ತ ಹೌಹಾರಿದ. ಗುರುಗಳು ಮೂಲೆಯ ಡಬ್ಬದಿಂದ ತುಕ್ಕು ಹಿಡಿದದ್ದೊಂದನ್ನು ಎತ್ತಿ, “ಹರಿತಾನೇ ಇಲ್ಲದಿದ್ರೆ ಕುಯ್ಕೊಳ್ಳೋ ಭಯ ಎಲ್ಲಿ?” ಎಂದರು. ಅದು ಗುಮಾಸ್ತನಿಗೆ ವೇದವಾಕ್ಯದ ಹಾಗೆ ಕೇಳಿಸಿತು.

“ತಪ್ಪು ತಿಳ್ಕೊಂಡಿದ್ದೀರಿ,” ಆಕೆ ದನಿ ಏರಿಸಿದಳು. “ಹರಿತ ಇರೋ ಉಳಿ ಹೇಳಿದ ಕಡೆ ಹೋಗುತ್ತೆ. ಮೊಂಡು ಉಳಿಗೆ ಬಲ ಹಾಕ್ತೀರಿ, ಅದು ಜಾರುತ್ತೆ, ನಿಮ್ಮ ಕೈಗೇ ಬರುತ್ತೆ. ಎರಡೂ ಕೈ ಯಾವಾಗಲೂ ಅದರ ಬಾಯಿಗಿಂತ ಹಿಂದೆ ಇರಬೇಕು. ಅದರಲ್ಲಿ ಏನನ್ನೂ ಮೀಟಬೇಡಿ. ಉಳಿ ತಗೊಂಡು ಹೋಗೋರಿಗೆಲ್ಲ ನಾನು ಹೇಳೋದು ಇಷ್ಟೇ: ಕೆಲಸ ಮುಗಿದ ಮೇಲೆ ಬೆರಳೂ ಉಳೀಬೇಕು.”

ಗುಮಾಸ್ತ ಆಕೆಯ ಕೈ ನೋಡಿದ. ಹತ್ತು ಬೆರಳೂ ಹುಟ್ಟಿದ ದಿನದ ಹಾಗೇ ಇದ್ದವು. ಉಗುರಿಗೆ ಬಣ್ಣ ಬೇರೆ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಪಕ್ಕದಲ್ಲಿ ಗುರುವಿನ ಕೈ ನೋಡಿದ. ಕ್ಲ್ಯಾಂಪ್ ಮಾರುವವಳು ಕ್ಲ್ಯಾಂಪ್ ಬೇಕು ಅನ್ನದೆ ಇನ್ನೇನು ಅಂದಾಳು? ಮೊಸಳೆ ಗರಗಸ, ಮೊಂಡು ಉಳಿ, ಸುತ್ತಿಗೆ, ಹಲಗೆಗಳು, ಮತ್ತು ಗುರುಗಳ ಸಲಹೆಯಂತೆ ಎಲ್ಲಕ್ಕಿಂತ ಉದ್ದನೆಯ ಮೊಳೆಗಳನ್ನು ಕಟ್ಟಿಸಿಕೊಂಡು ಹೊರಟ. “ಹಲಗೇನಾದ್ರೂ ನಾನೇ ಅಳತೆಗೆ ಕುಯ್ಸಿ ಕೊಡ್ತೀನಿ ರೀ!” ಎಂದು ಆಕೆ ಹಿಂದಿನಿಂದ ಕೂಗಿದಳು. ಗುಮಾಸ್ತ ತಿರುಗಿ ನೋಡಲಿಲ್ಲ.

ಮೇಜನ್ನು ಶೆಡ್ಡಿನ ಹೊರಗೆ ಬೆಳಕಿಗೆ ಎಳೆದು ಕೆಲಸ ಶುರು ಮಾಡಿದ್ದಾಯಿತು. ಮೇಜಿನ ಅಂಚಿಗೆ ಹಲಗೆ ಇಟ್ಟು, ಅದರ ಮೇಲೆ ಒಂದು ಮೊಣಕಾಲು ಊರಿ, ಗುಮಾಸ್ತ ಗರಗಸ ಎಳೆದ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಅನ್ನುವ ಹಾಗೆ, ಅವನು ಈ ಕಡೆ ಎಳೆದರೆ ಗರಗಸ ಆ ಕಡೆ ಹೋಯಿತು. ಹಲ್ಲು ಮರದಲ್ಲಿ ಕಚ್ಚಿಕೊಂಡು ನಿಂತುಬಿಡುವುದು. ಕಿತ್ತರೆ ಹಲಗೆಯೂ ಜೊತೆಗೇ ಬರುವುದು. ಗುರುಗಳು ಪಕ್ಕದಲ್ಲಿ ನಿಂತು, ಗರಗಸ ಹೊರಡುವಾಗ “ರೈಟ್!” ಎಂದೂ, ಸಿಕ್ಕಿಕೊಂಡಾಗ “ಹೋಲ್ಡಾನ್!” ಎಂದೂ ಹೇಳುತ್ತಿದ್ದರು. ದೊಡ್ಡ ಕಾರ್ಖಾನೆಗಳಲ್ಲಿ ಹೀಗೇ ಹೇಳುತ್ತಾರೇನೋ ಎಂದು ಗುಮಾಸ್ತ ಭಕ್ತಿಯಿಂದ ಕೇಳಿಕೊಂಡ.

“ಏನ್ರೀ ಅದು, ಹಂದಿ ಹಿಡೀತಿದ್ದೀರಾ?”

ಮೇಲಿನ ಮನೆಯಾಕೆ ಕಂಬಿಗೆ ಬಟ್ಟೆ ಹರವುತ್ತ ಬಗ್ಗಿ ನೋಡುತ್ತಿದ್ದಳು. ಬೀದಿಯವರು ಆಕೆಯನ್ನು ರೇಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ಎರಡು ಸೀರೆ ಒಣಗಿಸುವಷ್ಟರಲ್ಲಿ ನಾಲ್ಕು ಮನೆಗೆ ಸುದ್ದಿ ತಲುಪಿಸುವ ಸಾಮರ್ಥ್ಯ.

“ಮೆಟ್ಟಿಲು ಮಾಡ್ತಿದ್ದೀನಿ ಅಕ್ಕಾ.”

“ಮಾಡಿ ಮಾಡಿ. ನಾನು ಇಲ್ಲೇ ಇರ್ತೀನಿ.” ಆ ಮಾತಿನಲ್ಲಿ ಧೈರ್ಯ ಹೇಳುವುದಕ್ಕಿಂತ ಟಿಕೆಟ್ ತೆಗೆದುಕೊಂಡವರ ಕಾತರವೇ ಹೆಚ್ಚಿತ್ತು.

ಅಂತೂ ಹಲಗೆಗಳು ತುಂಡಾದವು. ತುಂಡಾದ ಅಂಚುಗಳು ಯಾರೋ ಹಲ್ಲಿನಲ್ಲಿ ಕಚ್ಚಿದ ರೊಟ್ಟಿಯ ಹಾಗಿದ್ದವು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು.

“ಏನ್ಮಾಡ್ತಿದ್ದೀರಿ?” ಎಂದಳು ಹೆಂಡತಿ.

“ಕುಯ್ದಾಯ್ತು. ಇನ್ನು ಮೊಳೆ ಹೊಡೆಯೋದು.”

“ಒಬ್ಬರೇನಾ?”

“ಇಲ್ಲ, ಅನುಭವ ಇರೋರು ಒಬ್ಬರು ಜೊತೇಲಿದ್ದಾರೆ.”

ಆ ಕಡೆಯಿಂದ ಅವಳು, “ನನ್ನ ಪಕ್ಕದ ಮಂಚದಾಕೆಗೆ ಹೇಳಿದೆ, ನಮ್ಮನೆಯವರೇ ಮೆಟ್ಟಿಲು ಮಾಡ್ತಿದ್ದಾರೆ ಅಂತ,” ಎಂದಳು. “ಜೋಪಾನ ರೀ.” ಅವಳು ಫೋನು ಇಟ್ಟ ಮೇಲೂ ಗುಮಾಸ್ತ ತನ್ನ ಫೋನನ್ನು ಕಿವಿಗೇ ಹಿಡಿದು ನಿಂತಿದ್ದ.

ಎರಡು ಹಲಗೆಗಳನ್ನು ಮೇಜಿನ ಮೇಲೆ ಬೋರಲಾಗಿ ಜೋಡಿಸಿ, ಅವುಗಳ ಬೆನ್ನಿಗೆ ಅಡ್ಡಪಟ್ಟಿ ಇಟ್ಟು, ಉದ್ದನೆಯ ಮೊಳೆಗಳನ್ನು ಹೊಡೆದದ್ದಾಯಿತು. ಅಡ್ಡಪಟ್ಟಿಗೆ ಎರಡು ಪಕ್ಕಗಳನ್ನು ನಿಲ್ಲಿಸಿ ಹೊಡೆದದ್ದೂ ಆಯಿತು. ಗುಮಾಸ್ತ ಅಲ್ಲಾಡಿಸಿ ನೋಡಿದ. ಜಪ್ಪಯ್ಯ ಅಂದರೂ ಕದಲಲಿಲ್ಲ. ಇಂಥ ಭದ್ರವಾದ ವಸ್ತುವನ್ನು ಅವನು ಜೀವಮಾನದಲ್ಲೇ ಕಂಡಿರಲಿಲ್ಲ.

“ಯಜಮಾನ್ರೇ, ಬಂಡೆ ಥರ ಇದೆ!”

“ಎತ್ತಿ ನೋಡಿ,” ಎಂದರು ಗುರುಗಳು.

ಎತ್ತಿದ. ಮೆಟ್ಟಿಲಿನ ಜೊತೆ ಮೇಜೂ ಎದ್ದಿತು.

ಮೊಳೆಗಳು ಪಟ್ಟಿ ದಾಟಿ, ಹಲಗೆ ದಾಟಿ, ಮೇಜಿನೊಳಕ್ಕೆ ಇಳಿದುಬಿಟ್ಟಿದ್ದವು. ಮೇಲಿನಿಂದ ರೇಡಿಯೋ ಅಕ್ಕ, “ಅದು ಮೆಟ್ಟಿಲಾ, ಮೇಜಾ?” ಎಂದಳು. ಗುಮಾಸ್ತನ ಕಿವಿ ಬಿಸಿಯಾಯಿತು. ಹೊತ್ತು ಬೇರೆ ಇಳಿಯುತ್ತಿತ್ತು. ಮೋಡದ ಹಿಂದೆ ಸೂರ್ಯ ಎಲ್ಲಿದ್ದಾನೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಆದರೆ ಬಾಮೈದನ ಕಾರು ಇನ್ನೇನು ಹೊರಡುತ್ತದೆ ಅನ್ನುವುದು ತಿಳಿಯುತ್ತಿತ್ತು.

“ಮೀಟಿ ಎಬ್ಬಿಸೋಣ,” ಎಂದು ಅವನು ಮೊಂಡು ಉಳಿಯನ್ನು ಹಲಗೆಗೂ ಮೇಜಿಗೂ ನಡುವೆ ತುರುಕಿದ. ಎಡಗೈಯಲ್ಲಿ ಹಲಗೆಯ ಆಚೆಯ ಅಂಚು ಹಿಡಿದ, ಸರಿಯಾಗಿ ಉಳಿಯ ಬಾಯಿಗೆ ಎದುರಾಗಿ. ಬಲಗೈಯಲ್ಲಿ ಮೈಭಾರವೆಲ್ಲ ಹಾಕಿದ.

“ರೈಟ್,” ಎಂದರು ಗುರುಗಳು. ಮರುಗಳಿಗೆ, “ಹೋಲ್ಡಾನ್! ಹೋಲ್ಡಾನ್!”

ಮೆಟ್ಟಿಲು ಟಕ್ಕೆಂದು ಬಿಡಿಸಿಕೊಂಡಿತು. ಉಳಿ ನಿಲ್ಲಲಿಲ್ಲ.

ಗುಮಾಸ್ತನಿಗೆ ಮೊದಲು ನೋವು ಕಾಣಲಿಲ್ಲ, ರಕ್ತ ಕಂಡಿತು. ಹೊಸ ಹಲಗೆಯ ಮೇಲೆ ಅದು ತೊಟ್ಟಿಕ್ಕುವುದನ್ನು ನೋಡಿ, ‘ಅಯ್ಯೋ, ಇದನ್ನ ಒರೆಸದಿದ್ರೆ ಕಲೆ ಉಳಿಯುತ್ತೆ, ಅವಳಿಗೆ ಗೊತ್ತಾಗುತ್ತೆ’ ಎಂದುಕೊಂಡ. ಆಮೇಲೆ ಅಲ್ಲೇ ಕೂತ. ಮಹಡಿಯಿಂದ ರೇಡಿಯೋ ಅಕ್ಕನ ಕೂಗು ಬಂತು: “ಅಯ್ಯಯ್ಯೋ, ಕನ್ನಡಕದೋರ ಕೈ ಹೋಯ್ತು!” ಕೂಗಿನ ಹಿಂದೆಯೇ ಆಕೆ ಒಳಗೆ ಓಡಿದ ಸದ್ದು, ಫೋನಿನ ಗುಂಡಿ ಒತ್ತಿದ ಸದ್ದು.

ಎದುರುಮನೆಯ ಡ್ರೈವಿಂಗ್ ಮೇಷ್ಟ್ರು ಓಡಿ ಬಂದ. ಅವನ ಕಾರಿನಲ್ಲಿ ಆ ಹೊತ್ತಿಗೆ ಪಾಠ ನಡೆಯುತ್ತಿತ್ತು. ಸ್ಟೇರಿಂಗ್ ಹಿಡಿದು ಕೂತಿದ್ದ ದಪ್ಪನೆಯ ಹೆಂಗಸಿಗೆ ಅದು ಮೊದಲನೆಯ ಪಾಠವೋ ಎರಡನೆಯದೋ. “ಇಳಿಯೋದು ಬೇಡ ಮೇಡಂ, ಇದೇ ಪ್ರಾಕ್ಟೀಸು, ನಡೀರಿ!” ಎಂದು ಅವನು ಪಕ್ಕದಲ್ಲಿ ಕೂತ. ಹಿಂದಿನ ಸೀಟಿನಲ್ಲಿ ಗುಮಾಸ್ತ ಟವೆಲ್ ಸುತ್ತಿದ ಕೈಯನ್ನು ಕೂಸಿನ ಹಾಗೆ ಎತ್ತಿ ಹಿಡಿದಿದ್ದ. ಕಾರು ಕಪ್ಪೆಯ ಹಾಗೆ ನೆಗೆನೆಗೆದು ಹೊರಟಿತು. ಪ್ರತಿ ತಿರುವಿನಲ್ಲೂ ಮೇಡಂ ಕಣ್ಣು ಮುಚ್ಚಿದರೆ, ಮೇಷ್ಟ್ರು ಬ್ರೇಕು ಒತ್ತುತ್ತಿದ್ದ. ಯಜಮಾನರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಬಾಗಿಲ ತಗಡನ್ನು ಎರಡೆರಡು ಸಲ ಬಡಿದು, “ಹಿಂದೆ ಯಾರೂ ಇಲ್ಲ, ಬರಲಿ ಬರಲಿ, ರೈಟ್!” ಎನ್ನುತ್ತಿದ್ದರು. ಇಡೀ ದಾರಿಯಲ್ಲಿ ಎಲ್ಲಿಗೆ ಹೋಗುತ್ತಿದ್ದೇವೆಂದು ಸ್ಪಷ್ಟವಾಗಿ ತಿಳಿದಿದ್ದವರು ಅವರೊಬ್ಬರೇ.

ಕ್ಲಿನಿಕ್ಕಿನ ನರ್ಸಮ್ಮ ಗಾಯ ತೊಳೆದು ನೋಡಿ, “ಬೆರಳು ಜಾಗದಲ್ಲೇ ಇದೆ, ಪುಣ್ಯ. ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯ ಆಳವಾಗಿ ಹೋಗಿದೆ,” ಎಂದಳು. ಡಾಕ್ಟರು ಬಂದು ಹೊಲಿಗೆ ಹಾಕಿ ಹೋದರು. ನರ್ಸಮ್ಮ ಬ್ಯಾಂಡೇಜು ಸುತ್ತತೊಡಗಿದಳು. ಸುತ್ತುತ್ತ ಸುತ್ತುತ್ತ ಅವಳ ಕಣ್ಣು ಗೋಡೆಗೊರಗಿ ನಿಂತಿದ್ದ ಯಜಮಾನರ ಕೈ ಮೇಲೆ ಬಿತ್ತು.

“ನಿಮ್ಮದೂ ಉಳಿ ತಾಗೇ ಆಗಿದ್ದಾ ಯಜಮಾನ್ರೇ?”

“ಇಲ್ಲಮ್ಮ. ಬಸ್ಸಿನ ಬಾಗಿಲು.”

ಗುಮಾಸ್ತ ತಲೆ ಎತ್ತಿದ.

“ಕಂಡಕ್ಟರ್ ಆಗಿದ್ದೆ,” ಎಂದರು ಅವರು, ನೆಲ ನೋಡುತ್ತ. “ರಶ್ಶಿತ್ತು. ಯಾರೋ ಬಾಗಿಲು ಎಳೆದ್ರು. ಅಷ್ಟೇ.”

ನರ್ಸಮ್ಮ ಕತ್ತರಿ ತರಲು ಹೋದಳು. ಕೋಣೆಯಲ್ಲಿ ಔಷಧಿಯ ವಾಸನೆ ತುಂಬಿತ್ತು. ಗುಮಾಸ್ತನಿಗೆ ಕೋಪ ಬರಬೇಕಿತ್ತು. ಆದರೆ ಕೋಪಕ್ಕೂ ಸ್ವಲ್ಪ ರಕ್ತ ಬೇಕು.

“ಬೆಳಿಗ್ಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದೆನಲ್ಲಪ್ಪ, ಗೊತ್ತಿಲ್ಲ ಅಂತ. ಎರಡು ಸಲ ಹೇಳಿದೆ. ನೀವು ತುಂಬಿದ ಕೊಡ ಅಂದ್ರಿ. ಆಮೇಲೆ ನಾನೂ ಸುಮ್ಮನಾಗಿಬಿಟ್ಟೆ. ಬಸ್ಸಲ್ಲಿದ್ದಾಗ ದಿನವೆಲ್ಲ ಜನ ಕೇಳ್ತಾನೇ ಇರೋರು, ಇದು ಎಲ್ಲಿಗೆ ಹೋಗುತ್ತೆ, ಅಲ್ಲಿ ನಿಲ್ಲಿಸ್ತೀರಾ, ಕೊನೇ ಬಸ್ಸು ಯಾವಾಗ ಅಂತ. ತಲೆ ಚಿಟ್ಟು ಹಿಡಿಯೋದು. ರಿಟೈರ್ ಆದಮೇಲೆ ನನ್ನನ್ನ ಒಬ್ಬರೂ ಏನೂ ಕೇಳಿಲ್ಲ. ಇವತ್ತು ನೀವು ಬಾಗಿಲು ತಟ್ಟಿದ್ರಿ.”

ಕತ್ತರಿ ಬರುವಷ್ಟರಲ್ಲಿ ಯಜಮಾನರು ಹೊರಟುಹೋಗಿದ್ದರು.

ಇಂಜೆಕ್ಷನ್ನಿಗೆ, ಔಷಧಿಗೆ ಕಾದು, ಬಹಳ ಹೊತ್ತಿನ ಮೇಲೆ ಮನೆಗೆ ಬಂದಾಗ ಎಡಗೈ ಎಲೆಕೋಸಿನಷ್ಟಾಗಿತ್ತು. ಮೆಟ್ಟಿಲಿನ ಆಸೆಯನ್ನು ಅವನು ದಾರಿಯಲ್ಲೇ ಬಿಟ್ಟಿದ್ದ. ಆದರೆ ಅಂಗಳದಲ್ಲಿ ಯಜಮಾನರು ಮಂಡಿಯೂರಿ ಕೂತಿದ್ದರು. ಬಾಗಿಲ ಮುಂದೆ, ಆ ಎತ್ತರದ ಕಲ್ಲಿಗೆ ಒತ್ತಿಕೊಂಡು, ಮರದ ಅರ್ಧ ಮೆಟ್ಟಿಲು ನಿಂತಿತ್ತು.

“ಈ ಸಲ ಅಂಗಡಿಯಾಕೇನ ಕೇಳಿಯೇ ಬಂದೆ,” ಎಂದರು ಅವರು ಮುಖ ಎತ್ತದೆ. “ಮೇಲೆದ್ದಿದ್ದ ಮೊಳೆ ತುದಿ ಎಲ್ಲ ಇಕ್ಕಳದಲ್ಲಿ ಕತ್ತರಿಸಿ, ಅರ ಹಾಕಿ ಉಜ್ಜಿದ್ದೀನಿ. ಮೇಲೆ ರಬ್ಬರ್ ಹಾಳೆ ಹೊಡೆದಿದ್ದೀನಿ, ಕಾಲು ಜಾರಲ್ಲ. ಇಕ್ಕಳ, ಅರ ಎರಡೂ ಆಕೆಯದೇ, ವಾಪಸ್ ಕೊಡಬೇಕು. ಕ್ಲ್ಯಾಂಪೂ ಕೊಟ್ಟಿದ್ದಳು. ಅದು ಇದ್ರೆ ಎಷ್ಟು ಸಲೀಸು ಗೊತ್ತಾ!”

ಗುಮಾಸ್ತ ಹತ್ತಿದ. ಅಲ್ಲಾಡಲಿಲ್ಲ. ಇಳಿದ, ಮತ್ತೆ ಹತ್ತಿದ. ಕಚ್ಚಿದ ರೊಟ್ಟಿಯಂಥ ಅಂಚುಗಳು ಹಾಗೇ ಇದ್ದವು, ಒಂದು ಪಕ್ಕದಲ್ಲಿ ರಕ್ತದ ಕಲೆಯೂ ಇತ್ತು. ಆದರೆ ಅದು ಮೆಟ್ಟಿಲಾಗಿತ್ತು. ಇವನು ಕುಯ್ದು, ಇವನು ಹೊಡೆದ ಮೆಟ್ಟಿಲು. ಅವನು ಯಜಮಾನರ ಕಡೆ ತಲೆ ಆಡಿಸಿದ.

ಆಗಲೇ ಬಾಮೈದನ ಕಾರು ಬಂತು.

ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಹೆಂಡತಿ ಗಾಜು ಇಳಿಸಿದಳು. ಅವಳ ಕಣ್ಣು ಮೊದಲು ಹೋದದ್ದು ಮೆಟ್ಟಿಲಿಗಲ್ಲ. “ಕೈ ತೋರಿಸಿ,” ಎಂದಳು. ಗುಮಾಸ್ತ ತೋರಿಸಿದ. “ಬೆರಳು ಎಷ್ಟಿವೆ?”

“ಎಲ್ಲಾ ಇವೆ ಕಣೆ.”

“ಮೇಲಿನ ಮನೆ ಅಕ್ಕ ಫೋನ್ ಮಾಡಿ, ಕೈಯೇ ಹೋಯ್ತು ಅಂದ್ರು! ಆಸ್ಪತ್ರೇಲಿ ನಾನು ಮಂಚದಿಂದ ಇಳಿಯೋಕೆ ಹೋಗಿ, ನಾಲ್ಕು ಜನ ಹಿಡ್ಕೊಂಡ್ರು.” ಅವಳ ಕಣ್ಣು ತುಂಬಿ ಬಂತು. ಆಮೇಲೆ ಮೆಟ್ಟಿಲು ನೋಡಿದಳು. ತುಂಬ ಹೊತ್ತು ನೋಡಿದಳು. “ಚೆನ್ನಾಗಿದೆ ರೀ,” ಎಂದಳು ಮೆಲ್ಲಗೆ.

ಗುಮಾಸ್ತ ಕಾರಿನ ಬಾಗಿಲಿಗೆ ಕೈ ಹಾಕಿದ. ಬಾಮೈದ ನಡುವೆ ಬಂದ.

“ಭಾವ, ಒಂದು ಮಾತು. ಅಕ್ಕನಿಗೆ ಕಾಲಿಲ್ಲ, ನಿಮಗೆ ಕೈಯಿಲ್ಲ. ಯಾರು ಯಾರನ್ನ ನೋಡ್ಕೊಳ್ತೀರಿ? ಅವಳು ಬಾತ್‌ರೂಮಿಗೆ ಹೋಗಬೇಕಾದ್ರೆ ಹಿಡ್ಕೊಳ್ಳೋರು ಯಾರು? ಒಂದು ಲೋಟ ನೀರು ಕಾಯಿಸೋರು ಯಾರು?”

ಗುಮಾಸ್ತ ಬಲಗೈ ಎತ್ತಿ ತೋರಿಸಲು ಹೋದ. ಆ ಕೈಯಲ್ಲಿ ಔಷಧಿಯ ಪೊಟ್ಟಣವಿತ್ತು. ಹೆಂಡತಿಯ ಮುಖ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಅವನು ಹೇಳೋದೂ ನಿಜ ರೀ. ನಿಮ್ಮ ಕೈ ವಾಸಿಯಾಗೋವರೆಗಾದ್ರೂ ಅಲ್ಲಿರ್ತೀನಿ. ನೀವೂ ಬನ್ನಿ,” ಎಂದಳು.

“ನಾಳೆಯಿಂದ ಅಂಗಡಿಗೆ ಹೋಗಬೇಕು. ರಜ ಮುಗೀತು. ಅಲ್ಲಿಂದ ಓಡಾಡೋಕೆ ದೂರ,” ಎಂದ ಗುಮಾಸ್ತ. ಅವನ ದನಿ ಅವನಿಗೇ ಬೇರೆ ಮನೆಯಿಂದ ಬಂದ ಹಾಗಿತ್ತು.

ಬಾಮೈದ ಮಾತ್ರ ಅಷ್ಟು ಹೊತ್ತಿಗೆ ಮೆಟ್ಟಿಲಿನ ಸುತ್ತ ಒಂದು ಸುತ್ತು ಬಂದಿದ್ದ. ಅದರ ಮೇಲೆ ಹತ್ತಿದ, ಕುಣಿದ, ಇಳಿದು ರಬ್ಬರ್ ಮುಟ್ಟಿ ನೋಡಿದ. “ಪರವಾಗಿಲ್ವೇ ಭಾವ! ನಾನು ಏನೋ ಅಂದ್ಕೊಂಡಿದ್ದೆ. ಒಳ್ಳೇ ಗಟ್ಟಿ ಇದೆ.” ಆಮೇಲೆ ಗಂಟಲು ಸರಿ ಮಾಡಿಕೊಂಡು, ದನಿ ತಗ್ಗಿಸಿ, “ಏನಿಲ್ಲ, ನಮ್ಮ ಬಾತ್‌ರೂಮಲ್ಲಿ ಕಮೋಡು ಸ್ವಲ್ಪ ಎತ್ತರಕ್ಕಿದೆ. ಗಿರಾಕಿಗಳಿಗೆ ತೋರಿಸೋಕೆ ಅಂತ ಕಟ್ಟೆ ಕಟ್ಟಿಸಿ, ಸಿಂಹಾಸನದ ಥರ ಟೈಲ್ಸ್ ಹಾಕಿಸಿದ್ದೀನಿ. ಅಕ್ಕ ಅದನ್ನ ಹೇಗೆ ಹತ್ತುತ್ತಾಳೆ ಅಂತ ಬೆಳಿಗ್ಗೆಯಿಂದ ನನಗೆ ಅದೇ ಚಿಂತೆ ಆಗಿತ್ತು,” ಎಂದ.

“ನೀನು ಪೂರಾ ನೆಲಮಟ್ಟ ಅಂದಿದ್ಯಲ್ಲೋ?” ಎಂದಳು ಅಕ್ಕ ಕಾರಿನೊಳಗಿಂದ.

“ಅದೊಂದು ಬಿಟ್ಟು ಅಕ್ಕಾ.”

ಅವನು ಹಿಂಬದಿಯ ಡಿಕ್ಕಿ ತೆರೆದ. ಗುಮಾಸ್ತ ‘ಬೇಡ’ ಅನ್ನಬಹುದಿತ್ತು. ಆದರೆ ಮೆಟ್ಟಿಲು ಮಾಡಿದ್ದು ಅವಳ ಕಾಲಿಗೆ. ಕಾಲು ಎಲ್ಲಿಗೆ ಹೋಗುತ್ತದೋ ಮೆಟ್ಟಿಲೂ ಅಲ್ಲಿಗೆ ಹೋಗಬೇಕಾದ್ದೇ ನ್ಯಾಯ. ಒಂದು ಕಡೆ ಬಾಮೈದ, ಇನ್ನೊಂದು ಕಡೆ ಯಜಮಾನರು ಹಿಡಿದು ಅದನ್ನು ಡಿಕ್ಕಿಗೆ ಏರಿಸಿದರು. ಗುಮಾಸ್ತನೇ ಒಳಗೆ ಹೋಗಿ ಅವಳ ಎರಡು ಸೀರೆ, ಬಾಚಣಿಗೆ, ಓದುವ ಕನ್ನಡಕ ತುಂಬಿದ ಚೀಲ ತಂದುಕೊಟ್ಟ. ಚೀಲ ತೆಗೆದುಕೊಳ್ಳುವಾಗ ಅವಳು ಬ್ಯಾಂಡೇಜಿನ ಮೇಲೆ ಒಂದು ಗಳಿಗೆ ಕೈಯಿಟ್ಟಳು.

“ಪಕ್ಕದ ಮಂಚದಾಕೆಗೆ ಫೋನ್ ಮಾಡಿ ಹೇಳ್ತೀನಿ,” ಎಂದಳು. “ಮುಗಿಸಿದ್ರು ಅಂತ.”

ಕಾರು ಶುರುವಾಯಿತು. ತಿರುವಿನವರೆಗೆ ಹೋದದ್ದು ಅಲ್ಲಿ ನಿಂತಿತು. ಅವಳು ಮನಸ್ಸು ಬದಲಿಸಿದಳೇನೋ ಎಂದು ಗುಮಾಸ್ತ ಗೇಟಿನಿಂದ ಹೊರಗೆ ಓಡಿದ. ಬಾಮೈದ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

“ಭಾವಾ! ನಮ್ಮ ಹಿತ್ತಲ ಬಾಗಿಲಿಗೂ ಇಂಥದ್ದೇ ಒಂದು ಬೇಕು! ಅಕ್ಕ ಬಿಸಿಲಿಗೆ ಕೂರೋಕೆ ಅನುಕೂಲ ಆಗುತ್ತೆ! ಕೈ ವಾಸಿಯಾದ ಮೇಲೆ ಮಾಡಿ, ಅವಸರ ಇಲ್ಲ!”

ಕಾರು ಮರೆಯಾಯಿತು. ಯಜಮಾನರು ಅಂಗಡಿಯಾಕೆಯ ಇಕ್ಕಳ, ಅರ, ಕ್ಲ್ಯಾಂಪುಗಳನ್ನು ಚೀಲಕ್ಕೆ ತುಂಬುತ್ತಿದ್ದವರು ಕೈ ತಡೆದು ನಿಂತರು. ಮೇಲಿನ ಕಂಬಿಯ ಮೇಲೆ ಎರಡು ಮೊಣಕೈ ಕಾಣಿಸಿಕೊಂಡವು.

“ಏನಂತೆ ಕನ್ನಡಕದೋರೇ?” ಎಂದಳು ರೇಡಿಯೋ ಅಕ್ಕ. “ಮನೆಯವರು ಇಳೀಲೇ ಇಲ್ವಲ್ಲ? ಏನಂದ್ರು?”

ಗುಮಾಸ್ತ ಖಾಲಿ ಬೀದಿಯನ್ನೇ ನೋಡುತ್ತಿದ್ದ.

“ಇನ್ನೊಂದು ಆರ್ಡರ್ ಬಂದಿದೆ ಅಕ್ಕಾ,” ಎಂದ. ಆಮೇಲೆ ಯಜಮಾನರ ಕಡೆ ತಿರುಗಿ, “ಆ ಕ್ಲ್ಯಾಂಪ್ ಇವತ್ತೇ ವಾಪಸ್ ಕೊಡಬೇಡಿ,” ಎಂದ.